ನೂರೈವತ್ತನೆಯ ಸರದಿ

ಪಿ.ಇ.ಎಸ್. ವಿಶ್ವವಿದ್ಯಾಲಯದ ಆಸುಪಾಸಿನ ಪಿ.ಜಿ.ಗಳಿಂದ ಹಿಡಿದು ಕೆರೆಕೋಡಿ ರಸ್ತೆಯ ಬಾಡಿಗೆ ಮನೆಗಳವರೆಗೆ, ನಮ್ಮ ಹೊಸಕೆರೆಹಳ್ಳಿಯಲ್ಲಿ ಕಂಪ್ಯೂಟರ್ ಆಟ ಆಡುವವರಿಗೆ ಕೊರತೆಯಿಲ್ಲ. ಈ ಅಂಕಣ ಬರೆಯುವವನು ನಾನೇ ಎಂದು ಗೊತ್ತಿರುವವರು ದಿನಸಿ ಅಂಗಡಿಯಲ್ಲಿ ಸಿಕ್ಕರೂ ಕೇಳುವುದು ಒಂದೇ ಪ್ರಶ್ನೆ: "ಸರ್, ಸಿವ್ ಸೆವೆನ್ ತಗೋಬಹುದಾ?" ಸಿವ್ ಸೆವೆನ್ ಎಂದರೆ 'ಸಿವಿಲೈಸೇಷನ್ 7' ಎಂಬ ಆಟ. ಕೇಳುವವರಲ್ಲಿ ಬಹಳ ಮಂದಿ ವಿದ್ಯಾರ್ಥಿಗಳು. ಬಾಡಿಗೆ, ಊಟ, ಮೊಬೈಲ್ ರೀಚಾರ್ಜ್ ಎಲ್ಲ ಕಳೆದು ಉಳಿದದ್ದರಲ್ಲಿ ಆಟ ಕೊಳ್ಳುವವರು. ನಾಲ್ಕಂಕಿ ಬೆಲೆಯ ಆಟ ಒಂದೇ ವಾರಕ್ಕೆ ಬೇಸರ ಬಂದರೆ ಅವರಿಗೆ ಅದು ಸಣ್ಣ ನಷ್ಟವಲ್ಲ. ಸರದಿಯ ಮೇಲೆ ನಡೆಯುವ ಇಂಥ ತಂತ್ರದಾಟಗಳನ್ನು, ಅಂದರೆ ಟರ್ನ್-ಬೇಸ್ಡ್ ಸ್ಟ್ರಾಟಜಿ ಆಟಗಳನ್ನು, ಕೊಳ್ಳುವ ಮುಂಚೆ ಹೇಗೆ ಅಳೆಯಬೇಕೆಂದು ಈ ವಾರ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಈ ಬಗೆಯ ಆಟದ ಮೇಲೆ ನನಗೆ ಪ್ರೀತಿ ಹುಟ್ಟಲು ಕಾರಣ ಸರಳ. ಇದು ನಮಗಾಗಿ ಕಾಯುತ್ತದೆ. ನಾವು ನಡೆ ನಡೆಸುವ ತನಕ ಎದುರಾಳಿ ಕದಲುವುದಿಲ್ಲ. ಕುಕ್ಕರ್ ಕೂಗಿದರೆ ಎದ್ದು ಹೋಗಬಹುದು, ಕರೆಂಟ್ ಹೋದರೂ ಆಟ ತಾನಾಗಿ ಉಳಿಸಿಕೊಂಡ ಸರದಿಯಿಂದ ಮುಂದುವರಿಸಬಹುದು. ಬೆರಳಿನ ಚುರುಕು ಬೇಕಿಲ್ಲ, ಅರವತ್ತು ದಾಟಿದವರೂ ಆಡಬಹುದು. ಬೇಕಾದದ್ದು ಯೋಚನೆ ಮಾತ್ರ. ಹಾಗಾಗಿ ಇಂಥ ಆಟವನ್ನು ಅಳೆಯುವಾಗ ಚಿತ್ರ ಚೆನ್ನಾಗಿದೆಯೇ, ಸಂಗೀತ ಚೆನ್ನಾಗಿದೆಯೇ ಎಂಬುದು ಆಮೇಲಿನ ಮಾತು. ನನ್ನ ಸರದಿ ಬಂದಾಗ ನಿಜಕ್ಕೂ ಯೋಚಿಸುವಂಥದ್ದು ಏನಾದರೂ ಇದೆಯೇ ಎಂಬುದೇ ಮೊದಲ ಮಾತು. ಅದು ತಿಳಿಯುವುದು ಆಟದ ಶುರುವಿನಲ್ಲಲ್ಲ, ನಡುಭಾಗದಲ್ಲಿ.

ಶುರು ಎಲ್ಲ ಆಟಗಳಲ್ಲೂ ಸೊಗಸಾಗಿಯೇ ಇರುತ್ತದೆ. 1991ರಲ್ಲಿ ಸಿಡ್ ಮಯರ್ ಮತ್ತು ಬ್ರೂಸ್ ಶೆಲ್ಲಿ ರೂಪಿಸಿದ 'ಸಿವಿಲೈಸೇಷನ್' ಸರಣಿಯನ್ನೇ ನೋಡಿ. ಕೈಯಲ್ಲಿ ಒಂದು ವಲಸೆ ತಂಡ, ಒಬ್ಬ ಯೋಧ. ಸುತ್ತ ಕಾಣದ ನೆಲ. ನದಿ ಪಕ್ಕ ಊರು ಕಟ್ಟಲೋ, ಗುಡ್ಡದ ಮೇಲೆ ಕಟ್ಟಲೋ? ಒಂದೊಂದು ಹೆಜ್ಜೆಗೂ ಹೊಸ ನೆಲ ತೆರೆದುಕೊಳ್ಳುತ್ತದೆ. ಈ ಭಾಗ ರುಚಿಸದವರನ್ನು ನಾನು ಕಂಡಿಲ್ಲ. ಕಂಪ್ಯೂಟರ್ ಆಟಗಳನ್ನು ಆನ್‌ಲೈನ್‌ನಲ್ಲಿ ಮಾರುವ ಸ್ಟೀಮ್ ಅಂಗಡಿಯ ನಿಯಮದ ಪ್ರಕಾರ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಬೇರೆ ಆಟಗಳಿಗೆ ಇದು ಒಳ್ಳೆಯ ರಕ್ಷಣೆ. ಸಿವಿಲೈಸೇಷನ್‌ನಂಥ ಆಟಕ್ಕೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಆ ಎರಡು ಗಂಟೆ ಪೂರ್ತಿ ಆರಂಭದ ಸೊಗಸಿನಲ್ಲೇ ಕಳೆದುಹೋಗುತ್ತದೆ. ಬೇಸರ ಬರುವ ಹೊತ್ತಿಗೆ ಗಡುವು ದಾಟಿರುತ್ತದೆ.

2016ರ 'ಸಿವಿಲೈಸೇಷನ್ 6'ರಲ್ಲಿ ಸಾಮಾನ್ಯ ವೇಗದ ಆಟಕ್ಕೆ 500 ಸರದಿ. ನೂರೈವತ್ತನೆಯ ಸರದಿಯ ಸುಮಾರಿಗೆ ಏನಾಗುತ್ತದೆ ನೋಡಿ. ಹತ್ತು ಊರುಗಳಿವೆ. ಮೂರು ಊರುಗಳಲ್ಲಿ ಕಟ್ಟಡ ಮುಗಿದಿದೆ, ಮುಂದೇನು ಕಟ್ಟಲಿ ಎಂದು ಕೇಳುತ್ತವೆ. ಎರಡು ವ್ಯಾಪಾರ ಮಾರ್ಗಗಳ ಅವಧಿ ಮುಗಿದಿದೆ, ಮತ್ತೆ ಕಳಿಸಬೇಕು. ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಹೊಲಕ್ಕೆ, ಗಣಿಗೆ ನಡೆಸಬೇಕು. ಎಂಟು ಸೈನ್ಯಗಳನ್ನು ಇಕ್ಕಟ್ಟಿನ ಕಣಿವೆಯಲ್ಲಿ ಒಂದರ ಹಿಂದೆ ಒಂದು ದಾಟಿಸಬೇಕು. ಇಷ್ಟೆಲ್ಲ ಮಾಡಿ ಸರದಿ ಮುಗಿಸಿದರೆ ಉಳಿದ ರಾಜ್ಯಗಳ ಸರದಿ ಮುಗಿಯುವವರೆಗೆ ಕಾಯಬೇಕು. ಈ ಕ್ಲಿಕ್‌ಗಳಲ್ಲಿ ನಿರ್ಧಾರ ಎನ್ನಬಹುದಾದದ್ದು ಒಂದೋ ಎರಡೋ. ಮಿಕ್ಕಿದ್ದು ಗುಮಾಸ್ತಿಕೆ. ಅಷ್ಟು ಹೊತ್ತಿಗೆ ಯಾರು ಗೆಲ್ಲುತ್ತಾರೆಂಬುದೂ ಹೆಚ್ಚುಕಡಿಮೆ ಗೊತ್ತಾಗಿರುತ್ತದೆ.

ನಮ್ಮ ಹಳೆಯ ಆಡು-ಹುಲಿ ಆಟ ಇದಕ್ಕೆ ಪೂರಾ ವಿರುದ್ಧ. ಹಂಪಿಯ ಕಲ್ಲು ಹಾಸಿನ ಮೇಲೆ ಇಂಥ ಆಟದ ಮನೆಗಳನ್ನು ಕೊರೆದಿರುವುದು ಈಗಲೂ ಕಾಣುತ್ತದೆ. ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ ಮೂರು ಹುಲಿ, ಹದಿನೈದು ಆಡು. ಮೊದಲು ಆಡುಗಳನ್ನು ಒಂದೊಂದಾಗಿ ಮಣೆಯ ಮೇಲೆ ಇಡುತ್ತಾ ಹೋಗಬೇಕು. ಈ ಹಂತದಲ್ಲಿ ಜಾಗ ಬೇಕಾದಷ್ಟಿರುತ್ತದೆ, ಹುಲಿ ಎರಡು ಮೂರು ಆಡು ತಿಂದರೂ ಧೈರ್ಯ ಕೆಡುವುದಿಲ್ಲ. ಎಲ್ಲ ಆಡುಗಳೂ ಮಣೆಗೆ ಬಂದ ಮೇಲೆ ಆಟ ಬಿಗಿಯಾಗುತ್ತದೆ. ನಡೆಯಲು ಇರುವ ಮನೆಗಳು ಕಡಿಮೆ, ಆದರೆ ಒಂದೊಂದು ನಡೆಯೂ ಭಾರ. ಒಂದು ಆಡು ತಪ್ಪು ಮನೆಗೆ ಸರಿದರೆ ಬಂದಿಯಾಗಿದ್ದ ಹುಲಿ ಹೊರಗೆ ಬರುತ್ತದೆ. ಒಳ್ಳೆಯ ತಂತ್ರದಾಟದ ಲಕ್ಷಣ ನನ್ನ ಮಟ್ಟಿಗೆ ಇದೇ: ನಡುಭಾಗಕ್ಕೆ ಬಂದಾಗ ಕೆಲಸ ಹೆಚ್ಚಬಾರದು, ನಡೆಯ ತೂಕ ಹೆಚ್ಚಬೇಕು.

ಮಣೆಯಾಟದ ಬಗ್ಗೆ ಇಂಥ ಯೋಚನೆ ಕನ್ನಡ ನಾಡಿಗೆ ಹೊಸತಲ್ಲ. 1831ರಲ್ಲಿ ಬ್ರಿಟಿಷರು ಆಡಳಿತ ಕೈಗೆ ತೆಗೆದುಕೊಂಡ ಮೇಲೂ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳನ್ನು ಬಿಡಲಿಲ್ಲ. ಹೊಸ ಆಟಗಳನ್ನು ತಾವೇ ರಚಿಸಿದರು, ಚದುರಂಗದ ಕುದುರೆ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಲೆಕ್ಕವನ್ನು ಬಗೆಬಗೆಯಾಗಿ ಬಿಡಿಸಿದರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಪ್ರದರ್ಶನದ ಮೂಲಕ ಈ ಮಣೆಗಳನ್ನು ಮತ್ತೆ ಜನರ ಕೈಗೆ ತಲುಪಿಸುತ್ತಾ ಬಂದಿದೆ. ಅಲ್ಲಿಗೆ ಹೋಗಿ ಒಂದು ಆಡು-ಹುಲಿ ಬಟ್ಟೆಯನ್ನೋ ಮಣೆಯನ್ನೋ ಕೊಂಡು ಆಡಿ ನೋಡಿದವರಿಗೆ ಕಂಪ್ಯೂಟರ್ ಆಟಗಳ ವಿಷಯದಲ್ಲೂ ಅಭಿರುಚಿ ಚುರುಕಾಗುತ್ತದೆ ಎಂಬುದು ನನ್ನ ನಂಬಿಕೆ.

ಈಗ ಕೇಳಿದ ಪ್ರಶ್ನೆಗೆ ಬರೋಣ. 'ಸಿವಿಲೈಸೇಷನ್ 7' ಬಂದದ್ದು 2025ರ ಫೆಬ್ರವರಿ 11ರಂದು. ನಡುಭಾಗದ ಬೇಸರ ಅದನ್ನು ಮಾಡಿದ ಫಿರಾಕ್ಸಿಸ್‌ನವರಿಗೂ ಗೊತ್ತಿತ್ತು. ಶುರು ಮಾಡಿದ ಆಟವನ್ನು ಬಹಳ ಜನ ಮುಗಿಸುವುದೇ ಇಲ್ಲ ಎಂದು ಅವರೇ ಹೇಳಿಕೊಂಡಿದ್ದರು. ಅದಕ್ಕೆ ಅವರು ಕಂಡುಕೊಂಡ ಮದ್ದು, ಆಟವನ್ನು ಪ್ರಾಚೀನ, ಅನ್ವೇಷಣೆ, ಆಧುನಿಕ ಎಂದು ಮೂರು ಯುಗಗಳಾಗಿ ಒಡೆಯುವುದು. ಬಿಡುಗಡೆಯಾದಾಗಿನ ಆಟದಲ್ಲಿ ಒಂದು ಯುಗ ಮುಗಿದಾಗ ನಾಗರಿಕತೆಯೇ ಬದಲಾಗುತ್ತಿತ್ತು. ಮೌರ್ಯರಾಗಿ ಶುರು ಮಾಡಿದವರು ಚೋಳರಾಗಿ, ಆಮೇಲೆ ಮೊಘಲರಾಗಿ ಮುಂದುವರಿಯಬಹುದು. ನಾಯಕ ಮಾತ್ರ ಕೊನೆಯವರೆಗೂ ಒಬ್ಬನೇ. ನಾಯಕರ ಪಟ್ಟಿಯಲ್ಲಿ ಅಶೋಕನಿದ್ದಾನೆ. ಅವನ ಹೆಸರನ್ನೇ ಬರೆದಿರುವ ಶಾಸನ 1915ರಲ್ಲಿ ನಮ್ಮ ರಾಯಚೂರು ಸೀಮೆಯ ಮಸ್ಕಿಯಲ್ಲಿ ಸಿಕ್ಕಿದ್ದನ್ನು ಓದಿರುವವರಿಗೆ ಅವನನ್ನು ಪರದೆಯ ಮೇಲೆ ಕಂಡಾಗ ಸಂತೋಷವಾಗದೆ ಇರದು. ಚಾಲುಕ್ಯರು, ಹೊಯ್ಸಳರು, ವಿಜಯನಗರದವರು ಬಿಡುಗಡೆಯ ಪಟ್ಟಿಯಲ್ಲಿ ಇರಲಿಲ್ಲ ಎಂಬ ಕೊರಗು ನನಗಿದೆ. ಅನ್ವೇಷಣೆಯ ಯುಗಕ್ಕೆ ವಿಜಯನಗರಕ್ಕಿಂತ ಒಪ್ಪುವ ರಾಜ್ಯ ಇನ್ನಾವುದಿದೆ?

ಮದ್ದು ಅರ್ಧ ಕೆಲಸ ಮಾಡಿದೆ. ಕೆಲಸಗಾರರನ್ನು ನಡೆಸುವ ಗೋಳು ಹೋಗಿದೆ, ಸೈನ್ಯಗಳನ್ನು ಒಬ್ಬ ದಂಡನಾಯಕನ ಕೈಕೆಳಗೆ ಕಟ್ಟಿ ಒಟ್ಟಿಗೆ ಸಾಗಿಸಬಹುದು. ಇವು ದೊಡ್ಡ ಸುಧಾರಣೆಗಳು, ಮುಂದೆ ಬರುವ ಆಟಗಳೂ ಇವನ್ನು ಕಲಿಯಬೇಕು. ಆದರೆ ಯುಗ ಬದಲಾಗುವಾಗ ನಡೆಯುತ್ತಿದ್ದ ಯುದ್ಧ ಅಲ್ಲಿಗೇ ನಿಲ್ಲುತ್ತದೆ. ಬೆಳೆಸಿದ ನಗರಗಳಲ್ಲಿ ಹೆಚ್ಚಿನವು ಮತ್ತೆ ಪಟ್ಟಣಗಳಾಗುತ್ತವೆ. ಕೋಟೆ ಮುತ್ತಿ ಇನ್ನು ಎರಡು ಸರದಿಯಲ್ಲಿ ಗೆಲ್ಲುವವನಿದ್ದೆ ಎನ್ನುವಾಗ ಯುಗ ಮುಗಿದರೆ, ಅಷ್ಟು ಹೊತ್ತು ಯೋಚಿಸಿ ಇಟ್ಟ ನಡೆಗಳೆಲ್ಲ ನೀರುಪಾಲು. ನಡುಭಾಗದ ನಡೆಗೆ ತೂಕ ಬರಬೇಕಾದ ಕಡೆಯೇ ತೂಕ ಕಳೆದಿದ್ದಾರೆ. ಸ್ಟೀಮ್‌ನಲ್ಲಿ ಆಟಗಾರರ ಅಭಿಪ್ರಾಯ ಬಿಡುಗಡೆಯ ವೇಳೆ ಇಬ್ಭಾಗವಾಗಲು ಇದೊಂದು ಮುಖ್ಯ ಕಾರಣ. ಒಂದೇ ಕಂಪ್ಯೂಟರ್ ಮುಂದೆ ಕೂತು ಸರದಿ ಪ್ರಕಾರ ಆಡುವ ಹಾಟ್‌ಸೀಟ್ ಸೌಲಭ್ಯವೂ ಬಿಡುಗಡೆಯಾದಾಗ ಇರಲಿಲ್ಲ. ಅಕ್ಕ ತಮ್ಮ ಇಬ್ಬರಿಗೂ ಒಂದೇ ಲ್ಯಾಪ್‌ಟಾಪ್ ಇರುವ ಮನೆಗಳಿಗೆ ಇದು ಸಣ್ಣ ಕೊರತೆಯಲ್ಲ. ಬಿಡುಗಡೆಯಾಗಿ ತಿಂಗಳು ತುಂಬುವುದರೊಳಗೆ ಬೇರೆಯಾಗಿ ದುಡ್ಡು ಕೊಟ್ಟು ಕೊಳ್ಳಬೇಕಾದ ಹೊಸ ಭಾಗಗಳೂ ಬರತೊಡಗಿದವು. ತಿದ್ದುಪಡಿಗಳೂ ಬರುತ್ತಲೇ ಇವೆ ಎಂಬುದನ್ನು ನ್ಯಾಯವಾಗಿ ಹೇಳಬೇಕು.

ನಡುಭಾಗ ಗಟ್ಟಿಯಾಗಿರುವ ಆಟ ಯಾವುದು ಎಂದರೆ 2018ರ 'ಇನ್‌ಟು ದ ಬ್ರೀಚ್' ತೋರಿಸುತ್ತೇನೆ. ಸಬ್‌ಸೆಟ್ ಗೇಮ್ಸ್ ಎಂಬ ಪುಟ್ಟ ತಂಡದ ಕೆಲಸ. ಚದುರಂಗದಷ್ಟೇ ಮಣೆ, ಎಂಟಕ್ಕೆ ಎಂಟು ಮನೆ. ನಿಮ್ಮ ಬಳಿ ಮೂರು ಯಂತ್ರ, ಎದುರಿಗೆ ನೆಲದಿಂದ ಎದ್ದು ಬರುವ ದೈತ್ಯ ಹುಳುಗಳು. ಮುಂದಿನ ಸರದಿಯಲ್ಲಿ ಯಾವ ಹುಳು ಯಾವ ಮನೆಗೆ ಹೊಡೆಯುತ್ತದೆಂದು ಆಟವೇ ಮೊದಲೇ ತೋರಿಸಿಬಿಡುತ್ತದೆ. ಎಷ್ಟೋ ಸಲ ಹುಳುವನ್ನು ಕೊಲ್ಲುವಷ್ಟು ಬಲ ನಿಮಗಿರುವುದಿಲ್ಲ. ಆದರೆ ಒಂದು ಮನೆ ಆಚೆಗೆ ತಳ್ಳಬಹುದು. ತಳ್ಳಿದರೆ ಕಟ್ಟಡದ ಮೇಲೆ ಬೀಳಬೇಕಿದ್ದ ಏಟು ಇನ್ನೊಂದು ಹುಳುವಿನ ಮೇಲೆ ಬೀಳುತ್ತದೆ. ಹಾಗೆ ತಳ್ಳಲು ನಿಮ್ಮ ಯಂತ್ರ ಹೋಗಿ ನಿಲ್ಲಬೇಕಾದ ಮನೆಯಲ್ಲಿ ಇನ್ನೊಂದು ಹುಳು ಏಳುವುದರಲ್ಲಿದೆ. ಅದನ್ನು ತುಳಿದು ನಿಂತರೆ ಹುಳು ಏಳುವುದಿಲ್ಲ, ಯಂತ್ರಕ್ಕೆ ಪೆಟ್ಟಾಗುತ್ತದೆ. ಯಂತ್ರಕ್ಕೆ ಪೆಟ್ಟು ಬಿದ್ದರೆ ಮೇಲೋ, ಜನರಿರುವ ಕಟ್ಟಡ ಉರುಳಿದರೆ ಮೇಲೋ? ಇಡೀ ಕಾಳಗ ನಾಲ್ಕೈದು ಸರದಿ ಅಷ್ಟೇ, ಒಂದೊಂದು ಸರದಿಗೂ ಹತ್ತು ನಿಮಿಷ ಕೂತು ಯೋಚಿಸುವಂತೆ ಮಾಡುತ್ತದೆ. ಗುಮಾಸ್ತಿಕೆಯ ಒಂದು ಕ್ಲಿಕ್ ಕೂಡ ಇಲ್ಲ. ಕಂಪ್ಯೂಟರ್ ಆಟಗಳಲ್ಲಿ ಆಡು-ಹುಲಿಗೆ ಇಷ್ಟು ಹತ್ತಿರ ಬಂದದ್ದನ್ನು ನಾನು ಬೇರೆ ಕಂಡಿಲ್ಲ. 2022ರ ಜುಲೈನಲ್ಲಿ ಇದಕ್ಕೆ ಬಂದ 'ಅಡ್ವಾನ್ಸ್ಡ್ ಎಡಿಷನ್' ಮೊದಲೇ ಕೊಂಡವರಿಗೆ ಪೂರ್ತಿ ಉಚಿತ.

ಎಲ್ಲರಿಗೂ ಇದೇ ಹಿಡಿಸಬೇಕೆಂದಿಲ್ಲ. ಚೌಕಾಬಾರದಲ್ಲಿ ಕವಡೆ ಚೆಲ್ಲಿ, ಎಂಟು ಬಿದ್ದಾಗ ಕುಣಿದು, ಹಣ್ಣಾಗಲು ಇನ್ನೊಂದೇ ಮನೆ ಇದ್ದ ಕಾಯಿ ಹೊಡೆಸಿಕೊಂಡು ಕೂಗಾಡಿ ಬೆಳೆದವರಿಗೆ ಗರವಿಲ್ಲದ ಆಟ ಸಪ್ಪೆ ಅನ್ನಿಸಬಹುದು. ಅವರಿಗೆ 2016ರ 'ಎಕ್ಸ್‌ಕಾಮ್ 2' ಇದೆ. ಗುಂಡು ತಗಲುವ ಸಾಧ್ಯತೆ ನೂರಕ್ಕೆ ತೊಂಬತ್ತು ಎಂದು ತೋರಿಸಿಯೂ ಗುರಿ ತಪ್ಪುತ್ತದೆ, ಮೆಚ್ಚಿನ ಸೈನಿಕ ಸಾಯುತ್ತಾನೆ. ಕೆಲವರಿಗೆ ಅದೇ ಆಟದ ಜೀವ, ಕೆಲವರಿಗೆ ಸಿಟ್ಟು. ನೀವು ಯಾವ ಕಡೆಯವರೆಂದು ದುಡ್ಡು ಕೊಡುವ ಮುಂಚೆ ತಿಳಿಯಬಹುದು. 2003ರಿಂದ ಬೆಳೆದು ಬಂದಿರುವ 'ಬ್ಯಾಟಲ್ ಫಾರ್ ವೆಸ್‌ನಾತ್' ಉಚಿತ ಆಟ. ಅದರಲ್ಲಿ ಹಗಲು ರಾತ್ರಿ ಬದಲಾದಂತೆ ಪಡೆಗಳ ಬಲ ಏರಿಳಿಯುತ್ತದೆ, ನಿಂತ ನೆಲದ ಮೇಲೆ ಏಟು ತಗಲುವ ಸಾಧ್ಯತೆ ನಿಂತಿರುತ್ತದೆ. ಯಾವುದಾದರೂ ಒಂದು ದಂಡಯಾತ್ರೆಯನ್ನು ಅರ್ಧದವರೆಗೆ ಆಡಿ. ಗರ ಕೈಕೊಟ್ಟಾಗಲೂ ಮತ್ತೆ ಕೂರಬೇಕೆನ್ನಿಸಿದರೆ 'ಎಕ್ಸ್‌ಕಾಮ್' ನಿಮಗೆ ಒಗ್ಗುತ್ತದೆ.

ಇನ್ನು 'ಸಿವಿಲೈಸೇಷನ್ 6'ರ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅದಕ್ಕೆ 2019ರ ಫೆಬ್ರವರಿಯಲ್ಲಿ 'ಗ್ಯಾದರಿಂಗ್ ಸ್ಟಾರ್ಮ್' ಎಂಬ ವಿಸ್ತರಣೆ ಬಂತು. ಅದರಲ್ಲಿ ನದಿಗಳು ಉಕ್ಕುತ್ತವೆ. ನದಿ ಬದಿಯ ತಗ್ಗಿನಲ್ಲಿ ಕಟ್ಟಿದ್ದು ಕೊಚ್ಚಿಹೋಗುತ್ತದೆ, ನೀರಿಳಿದ ಮೇಲೆ ಅದೇ ನೆಲದ ಬೆಳೆ ಹೆಚ್ಚುತ್ತದೆ. ಅಣೆಕಟ್ಟು ಕಟ್ಟಿದರೆ ಹಾನಿ ತಪ್ಪುತ್ತದೆ. 2020ರ ಅಕ್ಟೋಬರ್ ಮಳೆಗೆ ರಾಜಕಾಲುವೆ ಉಕ್ಕಿ ಹೊಸಕೆರೆಹಳ್ಳಿ, ದತ್ತಾತ್ರೇಯ ನಗರದ ಮನೆಗಳಿಗೆ ನೀರು ನುಗ್ಗಿದ್ದನ್ನು ಕಂಡ ನಮಗೆ ಈ ಭಾಗ ಬೇರೆಯೇ ರೀತಿ ತಟ್ಟುತ್ತದೆ. ಎಲ್ಲಿ ಕಟ್ಟಬೇಕು, ಎಲ್ಲಿ ನೀರಿಗೆ ಜಾಗ ಬಿಡಬೇಕು ಎಂಬ ಪ್ರಶ್ನೆ ಮೂವತ್ತನೆಯ ಸರದಿಯಲ್ಲಿ ಹುಟ್ಟಿ ಇನ್ನೂರನೆಯ ಸರದಿಯವರೆಗೂ ಬೆನ್ನು ಬಿಡುವುದಿಲ್ಲ. ಮೊದಲೇ ತೆಗೆದುಕೊಂಡ ತೀರ್ಮಾನಕ್ಕೆ ಕೊನೆಯವರೆಗೂ ತೂಕ ಉಳಿಸುವ ಈ ಒಂದು ಏರ್ಪಾಟಿನಿಂದಲೇ ಆರನೆಯ ಆಟದ ನಡುಭಾಗ ಎಷ್ಟೋ ಚೇತರಿಸಿಕೊಂಡಿದೆ. ಗುಮಾಸ್ತಿಕೆ ಇದ್ದೇ ಇದೆ, ಆದರೂ ನಾನು ಮತ್ತೆ ಮತ್ತೆ ಇದಕ್ಕೆ ಮರಳುತ್ತೇನೆ.

ಬೆಲೆಯ ಮಾತು ಬೇಗ ಮುಗಿಸುತ್ತೇನೆ. ಸ್ಟೀಮ್‌ನಲ್ಲಿ ಜೂನ್ ಕೊನೆಗೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ ದೊಡ್ಡ ರಿಯಾಯಿತಿ ಮಾರಾಟ ನಡೆಯುತ್ತದೆ. 'ಸಿವಿಲೈಸೇಷನ್ 6'ರ ಮೂಲ ಆಟ ನೂರಕ್ಕೆ ತೊಂಬತ್ತರಷ್ಟು ಕಡಿತಕ್ಕೆ ಸಿಕ್ಕಿದ್ದುಂಟು, ಎಪಿಕ್ ಎಂಬ ಇನ್ನೊಂದು ಆನ್‌ಲೈನ್ ಅಂಗಡಿ 2020ರ ಮೇ ತಿಂಗಳಲ್ಲಿ ಅದನ್ನು ಉಚಿತವಾಗಿಯೇ ಕೊಟ್ಟಿತ್ತು. ಕೊಳ್ಳುವಾಗ ಮೂಲ ಆಟದ ಜೊತೆ 'ಗ್ಯಾದರಿಂಗ್ ಸ್ಟಾರ್ಮ್' ಸೇರಿದ ಕಟ್ಟನ್ನೇ ನೋಡಿ. ನಾಯಕರನ್ನು ಮಾತ್ರ ಸೇರಿಸುವ ಬಿಡಿ ಪ್ಯಾಕ್‌ಗಳನ್ನು ಮೊದಲ ಸಲಕ್ಕೆ ಬಿಟ್ಟುಬಿಡಿ. ಲ್ಯಾಪ್‌ಟಾಪ್ ಹಳೆಯದಾದರೆ ಇನ್ನೊಂದು ಎಚ್ಚರಿಕೆ: ಆರನೆಯದು 4 ಜಿ.ಬಿ. ರ‍್ಯಾಮ್‌ನಲ್ಲೂ ತೆರೆಯುತ್ತದೆ, ಏಳನೆಯದಕ್ಕೆ ಕನಿಷ್ಠ 8 ಜಿ.ಬಿ. ಮತ್ತು ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ಅವರೇ ಹೇಳುತ್ತಾರೆ. ಯಾವ ಆಟವೇ ಆಗಲಿ, ಕೊಳ್ಳುವ ಮುಂಚೆ ಯಾರಾದರೂ ಅದನ್ನು ಪೂರ್ತಿ ಆಡಿರುವ ವಿಡಿಯೊ ಹುಡುಕಿ, ಮೊದಲರ್ಧ ಬಿಟ್ಟು ನಡುವಿನ ಅರ್ಧ ಗಂಟೆ ನೋಡಿ. ಆಡುತ್ತಿರುವವರು ಸುಮ್ಮನೆ ಕೂತು ಯೋಚಿಸುತ್ತಿದ್ದಾರೋ, ಬರೀ ಕ್ಲಿಕ್ ಮಾಡುತ್ತಾ ಹೋಗುತ್ತಿದ್ದಾರೋ ಗಮನಿಸಿ.

ಹೀಗಾಗಿ ನನ್ನ ತೀರ್ಪು: ಪೂರ್ತಿ ಬೆಲೆಗೆ 'ಸಿವಿಲೈಸೇಷನ್ 7' ಬೇಡ, ಬೆಲೆ ಅರ್ಧಕ್ಕಿಂತ ಕೆಳಗಿಳಿಯುವವರೆಗೆ ಕಾಯಿರಿ. ದೊಡ್ಡ ಸಾಮ್ರಾಜ್ಯ ಕಟ್ಟುವ ಆಸೆಯಿದ್ದರೆ ಮುಂದಿನ ರಿಯಾಯಿತಿಯಲ್ಲಿ ಆರನೆಯದನ್ನು ತೆಗೆದುಕೊಳ್ಳಿ. ಕೈಯಲ್ಲಿ ಸ್ವಲ್ಪವೇ ದುಡ್ಡು, ರಾತ್ರಿ ಒಂದೇ ಗಂಟೆ ಬಿಡುವು ಎನ್ನುವವರು ರಿಯಾಯಿತಿಗೂ ಕಾಯದೆ 'ಇನ್‌ಟು ದ ಬ್ರೀಚ್' ಕೊಳ್ಳಿ.