ಕಿನ್ನಾಳದ ಮುಖಗಳು

ಕೊಪ್ಪಳದ ಮಗ್ಗುಲಿಗಿರುವ ಕಿನ್ನಾಳದ ಚಿತ್ರಗಾರರು ಕಟ್ಟಿಗೆಯಲ್ಲಿ ಮೂಡಿಸುವ ಗೌರಿಯ ಮುಖವನ್ನು ಹತ್ತಿರದಿಂದ ನೋಡಬೇಕು. ಹಗುರವಾದ ಪೊಲ್ಕಿ ಮರವನ್ನು ಕೆತ್ತಿ, ಸೆಣಬಿನ ಚಿಂದಿಯ ಪುಡಿಗೆ ಹುಣಸೆಬೀಜದ ಅಂಟು ಕಲಸಿದ ‘ಕಿಟ್ಟ’ವನ್ನು ಮೈತುಂಬ ಬಳಿಯುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ಚೂರು, ಆಮೇಲೆ ಕಲ್ಲುಪುಡಿಯ ಲೇಪ. ಒಡವೆಗಳು ಇದೇ ಲೇಪದಲ್ಲಿ ಉಬ್ಬಿ ನಿಲ್ಲುತ್ತವೆ. ತವರದಿಂದ ಮಾಡಿದ ‘ಲಜವಾರ’ವೆಂಬ ಲೇಪ ಅವಕ್ಕೆ ಚಿನ್ನದ ಕಳೆ ಕೊಡುತ್ತದೆ.

ಇಷ್ಟಾದ ಮೇಲೂ ಜೀವ ತುಂಬುವುದು ಕುಂಚದ ಗೆರೆಯೇ. ಹುಬ್ಬು ಬಾಗಿ, ಕಣ್ಣು ಕಿವಿಯತ್ತ ನೀಳವಾಗಿ ಚಾಚಿದಾಗ ದೇವಿಯ ಮೂರ್ತಿ ಭಾವಚಿತ್ರವಾಗುತ್ತದೆ, ನಮ್ಮನ್ನೇ ನೋಡತೊಡಗುತ್ತದೆ.

ಹಂಪಿಯ ವಿರೂಪಾಕ್ಷ ಗುಡಿಯ ಮುಚ್ಚಿಗೆಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ ಬರೆದವರು ಈ ಚಿತ್ರಗಾರರ ಹಿರಿಯರೇ ಎಂಬ ಮಾತಿದೆ. ಈ ಗೆರೆಯ ದಿಟ್ಟತನ ಕಂಡವರು ಅದನ್ನು ಸುಲಭವಾಗಿ ನಂಬುತ್ತಾರೆ. ಇಂಥ ಕೈಗಳು ನಮ್ಮ ಸೀಮೆಯಲ್ಲಿವೆ ಎಂಬುದೇ ದೊಡ್ಡ ಹೆಮ್ಮೆ.