ಕರವಸ್ತ್ರ ಬಿದ್ದದ್ದು ಯಾರ ಕೈಯಿಂದ?

ಹೆಂಡತಿಯನ್ನು ಅನುಮಾನಿಸಿ ಕೊಂದ ಶೇಕ್ಸ್‌ಪಿಯರ್‌ನ ಒಥೆಲೊನಿಗಾಗಿ ನಾವು ಮರುಗಬೇಕೆ? ಇಂಗ್ಲಿಷ್ ವಿಮರ್ಶೆ ಈ ಪ್ರಶ್ನೆಯ ಮೇಲೆ ಎರಡು ಪಂಥಗಳಾಗಿ ಒಡೆದು ನೂರು ವರ್ಷಕ್ಕೆ ಹತ್ತಿರವಾಯಿತು. 1904ರಲ್ಲಿ ಎ. ಸಿ. ಬ್ರಾಡ್ಲಿ ನಾಯಕನ ಪರ ನಿಂತರು. ಒಥೆಲೊ ಸ್ವಭಾವದಿಂದ ಸಂಶಯದವನಲ್ಲ, ಅವನ ಕೈಕೆಳಗಿನ ಇಯಾಗೊನಂಥ ಕುಟಿಲನ ಬಲೆಗೆ ಬಿದ್ದರೆ ಎಂಥವರೂ ಎಡವುತ್ತಿದ್ದರು ಎಂಬುದು ಅವರ ವಾದ. 1927ರಲ್ಲಿ ಟಿ. ಎಸ್. ಎಲಿಯಟ್, ಸಾಯುವ ಮುಂಚಿನ ಅವನ ಮಾತಿನಲ್ಲಿ ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವ ಹವಣಿಕೆಯನ್ನು ಕಂಡರು. 1937ರಲ್ಲಿ ಎಫ್. ಆರ್. ಲೀವಿಸ್ ಇನ್ನೂ ಕಟುವಾದರು: ಅಷ್ಟು ಬೇಗ ನಂಬಿದವನ ಒಳಗೆ ನಂಬುವ ಸಿದ್ಧತೆ ಮೊದಲೇ ಇತ್ತು, ದುರಂತದ ಬೇರು ಅವನ ಆತ್ಮಮೋಹದಲ್ಲಿದೆ.

ನಾಟಕವನ್ನು ಓದಿದಾಗಲೆಲ್ಲ ನನಗೆ ಲೀವಿಸ್ ಹೆಚ್ಚು ಸರಿ ಅನ್ನಿಸುತ್ತಾರೆ. ಆದರೂ ಮರುಕ ಕಡಿಮೆಯಾಗುವುದಿಲ್ಲ. ಎರಡೂ ಪಂಥಗಳು ಅನುಕಂಪವನ್ನು ನಡತೆಗೆ ಕೊಡುವ ಪ್ರಮಾಣಪತ್ರ ಎಂದು ತಿಳಿದವು. ಒಂದು ಅದನ್ನು ಕೊಟ್ಟಿತು, ಇನ್ನೊಂದು ಕಿತ್ತುಕೊಂಡಿತು. ಅನುಕಂಪ ಹುಟ್ಟುವ ಜಾಗ ಬೇರೆಯೇ ಇದೆ.

ಶೇಕ್ಸ್‌ಪಿಯರ್‌ಗೆ ಕಥೆ ಸಿಕ್ಕಿದ್ದು 1565ರಲ್ಲಿ ಅಚ್ಚಾದ ಇಟಲಿಯ ಚಿಂಥಿಯೊನ ಸಂಗ್ರಹದಲ್ಲಿ. ಅಲ್ಲಿ ಆಫ್ರಿಕ ಮೂಲದ ಮೂರ್ ಸೇನಾನಿಯ ಕೈಕೆಳಗಿನವನು ತನ್ನ ಪುಟ್ಟ ಮಗಳನ್ನು ಸೇನಾನಿಯ ಹೆಂಡತಿ ಡೆಸ್ಡಿಮೋನಳ ತೋಳಿಗೆ ಕೊಟ್ಟು, ಅವಳು ಮಗುವನ್ನು ಮುದ್ದಿಸುತ್ತಿರುವಾಗ ಕರವಸ್ತ್ರ ಕದಿಯುತ್ತಾನೆ. ಮುಂದೆ ಅವನೂ ಸೇನಾನಿಯೂ ಸೇರಿ ಮರಳು ತುಂಬಿದ ಕಾಲುಚೀಲದಿಂದ ಅವಳನ್ನು ಹೊಡೆದು ಕೊಂದು, ಸಾವು ಅಪಘಾತದಂತೆ ಕಾಣಲೆಂದು ಸೂರನ್ನು ಮೇಲೆ ಕೆಡವುತ್ತಾರೆ. ಆ ಮೂರ್‌ಗಾಗಿ ಯಾರ ಎದೆಯೂ ಕರಗುವುದಿಲ್ಲ.

ಶೇಕ್ಸ್‌ಪಿಯರ್ ಕಳ್ಳತನವನ್ನೇ ತೆಗೆದುಹಾಕಿದ. ಮೂರನೆಯ ಅಂಕದಲ್ಲಿ ಇಯಾಗೊನ ಮಾತು ಕೇಳಿ ಒಥೆಲೊನ ಮನಸ್ಸು ಆಗಲೇ ಕೆಟ್ಟಿದೆ. ಹೆಂಡತಿ ಬಂದು ಊಟಕ್ಕೆ ಕರೆಯುತ್ತಾಳೆ. ಹಣೆ ನೋಯುತ್ತಿದೆ ಎನ್ನುತ್ತಾನೆ. ಅವಳು ಕರವಸ್ತ್ರದಿಂದ ತಲೆ ಬಿಗಿದು ಕಟ್ಟಲು ಹೋಗುತ್ತಾಳೆ. ಇದು ಚಿಕ್ಕದಾಯಿತು ಎಂದು ಅವನು ಸರಿಸುತ್ತಾನೆ, ವಸ್ತ್ರ ನೆಲಕ್ಕೆ ಬೀಳುತ್ತದೆ, ಬಿದ್ದದ್ದನ್ನು ಬಿಡು ಎಂದು ಅವಳೊಡನೆ ಒಳಗೆ ನಡೆಯುತ್ತಾನೆ. ಯಾವುದನ್ನು ಬೇರೊಬ್ಬನಿಗೆ ಕೊಟ್ಟಳೆಂದು ಮುಂದೆ ಅವಳ ಪ್ರಾಣ ತೆಗೆಯುತ್ತಾನೋ ಅದು ಅವನೇ ಬೇಡವೆಂದು ಸರಿಸಿದ ವಸ್ತು. ನೋಡುವ ನಮಗೆ ಅದು ಗೊತ್ತು, ಅವನಿಗೆ ನೆನಪೇ ಇಲ್ಲ. 1693ರಲ್ಲಿ ಥಾಮಸ್ ರೈಮರ್, ಒಂದು ತುಂಡು ಬಟ್ಟೆಗೆ ಇಷ್ಟು ರಂಪವೇ ಎಂದು ಗೇಲಿ ಮಾಡಿದ. ಅವಳ ಆರೈಕೆಯನ್ನು ಅವನು ದೂರ ಸರಿಸಿದ ಗಳಿಗೆಗೆ ಆ ಬಟ್ಟೆಯೇ ಸಾಕ್ಷಿ ಎಂಬುದು ರೈಮರ್‌ನ ಕಣ್ಣಿಗೆ ಬೀಳಲಿಲ್ಲ. ತಪ್ಪು ಪೂರ್ತಿ ಅವನದೇ ಎಂದು ತಿಳಿದಿದ್ದೂ, ಒಮ್ಮೆ ಹಿಂತಿರುಗಿ ನೆಲ ನೋಡಬಾರದೆ ಎಂದು ನಮ್ಮ ಜೀವ ಚಡಪಡಿಸುತ್ತದೆ. ನಾನು ಹೇಳುವ ಮರುಕ ಇದು.

ಲೀವಿಸ್ ಕಡಿಮೆ ತೂಗಿದ್ದು ಇನ್ನೊಂದಿದೆ. ವೆನಿಸ್ಸಿನ ಹೆಂಗಸರ ರೀತಿ ನನಗೆ ಗೊತ್ತು ಎಂದು ಇಯಾಗೊ ಹೇಳುವಾಗ, ಹೊರಗಿನಿಂದ ಬಂದ ಕಪ್ಪು ಮನುಷ್ಯನ ಬಳಿ ಅದಕ್ಕೆ ಉತ್ತರವಿಲ್ಲ. 1930ರಲ್ಲಿ ಕಪ್ಪು ನಟ ಪಾಲ್ ರಾಬ್ಸನ್ ಲಂಡನ್ನಿನ ವೇದಿಕೆಯಲ್ಲಿ ಈ ಪಾತ್ರ ವಹಿಸಿದ ಮೇಲಾದರೂ ಈ ಸಂಗತಿ ವಿಮರ್ಶೆಯ ನಡುಮನೆಗೆ ಬರಬೇಕಿತ್ತು.

ತಪ್ಪಿತಸ್ಥನಿಗಾಗಿ ಮರುಗುವ ಈ ಇಕ್ಕಟ್ಟು ಕನ್ನಡ ಓದುಗರಿಗೆ ಹೊಸದಲ್ಲ. ರನ್ನ ತನ್ನ ಆಶ್ರಯದಾತನನ್ನು ಭೀಮನೊಡನೆ ಸಮೀಕರಿಸಿ ಗದಾಯುದ್ಧ ಬರೆದ. ಆದರೆ ರಣಭೂಮಿಯಲ್ಲಿ ತಮ್ಮನ, ಗೆಳೆಯನ ಹೆಣಗಳ ಮುಂದೆ ನಿಂತು ಅಳುವ ದುರ್ಯೋಧನನ ಕಡೆಗೇ ನಮ್ಮ ಮನಸ್ಸು ವಾಲುತ್ತದೆ. ಅದಕ್ಕಾಗಿ ಪಾಂಡವರ ಮೇಲಿನ ಅವನ ಮತ್ಸರ ಸುಳ್ಳೆಂದು ಯಾರೂ ಸಾಧಿಸಬೇಕಾಗಿಲ್ಲ.

ಒಥೆಲೊನಿಗೆ ಮರುಗುವ ಭರದಲ್ಲಿ ಡೆಸ್ಡಿಮೋನ ಮರೆಯಾಗುವ ಅಪಾಯ ನಿಜ. ಅದನ್ನು ತಡೆಯುವವಳು ಎಮಿಲಿಯಾ. ಬಿದ್ದ ಕರವಸ್ತ್ರವನ್ನು ಎತ್ತಿ ಗಂಡ ಇಯಾಗೊನಿಗೆ ಕೊಟ್ಟವಳು, ಎಲ್ಲಿ ಹೋಯಿತೆಂದು ಒಡತಿ ಕೇಳಿದಾಗ ಗೊತ್ತಿಲ್ಲ ಎಂದವಳು. ಅದೇ ಎಮಿಲಿಯಾ ಮಲಗುವ ಕೋಣೆಯಲ್ಲಿ, ಹೆಂಡತಿಯರು ಕೆಡುವುದು ಗಂಡಂದಿರ ತಪ್ಪಿನಿಂದಲೇ ಎಂದು ಡೆಸ್ಡಿಮೋನಳಿಗೆ ಹೇಳುತ್ತಾಳೆ. 18, 19ನೆಯ ಶತಮಾನದ ಇಂಗ್ಲಿಷ್ ರಂಗಭೂಮಿ ಈ ದೃಶ್ಯವನ್ನು ಎಷ್ಟೋ ಸಲ ಕತ್ತರಿಸಿತು. ನಾಟಕಕ್ಕೆ ಅದರಿಂದಾದ ನಷ್ಟ ದೊಡ್ಡದು. ಕೊನೆಯಲ್ಲಿ ಗಂಡನ ಕತ್ತಿಗೂ ಅಂಜದೆ ನಿಜ ಹೇಳುವ ಎಮಿಲಿಯಾ ಒಥೆಲೊನನ್ನು ದಡ್ಡ, ಕೊಲೆಗಡುಕ ಎಂದು ಮುಖಕ್ಕೆ ಬೈಯುತ್ತಾಳೆ. ನಮ್ಮ ಸಿಟ್ಟನ್ನು ಅವಳೇ ಆಡಿ ತೀರಿಸುತ್ತಾಳೆಂದು ಬ್ರಾಡ್ಲಿ ಗುರುತಿಸಿದ್ದರು. ಅಷ್ಟು ಕಂಡ ಮೇಲೆ ನಾಯಕನ ದೊಡ್ಡತನವನ್ನು ಕಾಪಾಡುವ ಶ್ರಮ ಅವರಿಗೆ ಬೇಕಿರಲಿಲ್ಲ.