ಎಲುಬಿನ ರೋಗ, ಕೈಪಿಡಿಯ ಕನ್ನಡ

ವೈದ್ಯಕೀಯ ಕೈಪಿಡಿಗಳನ್ನು ಸಾಹಿತ್ಯವಿಮರ್ಶೆಯ ತಕ್ಕಡಿಯಲ್ಲಿಟ್ಟು ತೂಗುವುದು ವಾಡಿಕೆಯಲ್ಲ. ಅವು ಶಾಸ್ತ್ರದ ಮಾತುಗಳು, ಅವುಗಳ ತಪ್ಪೊಪ್ಪುಗಳನ್ನು ವೈದ್ಯರೇ ಹೇಳಬೇಕು ಎಂಬ ಭಾವನೆ ನಮ್ಮಲ್ಲಿ ನೆಲೆಗೊಂಡಿದೆ. ಶಾಸ್ತ್ರಾಂಶದ ಮಟ್ಟಿಗೆ ಇದು ಸರಿಯೆ. ಆದರೆ ಕೈಪಿಡಿಯೆಂಬುದು ಗದ್ಯವೂ ಹೌದು. ಅದಕ್ಕೊಬ್ಬ ವಾಚಕನುಂಟು, ಆ ವಾಚಕನಿಗೊಂದು ಮನೆಯುಂಟು. ಆಸ್ಟಿಯೊಪೊರೋಸಿಸ್ ಎಂಬ ಎಲುಬಿನ ರೋಗವುಳ್ಳವರು ತಮ್ಮ ಆರೈಕೆಯನ್ನು ತಾವೇ ನೋಡಿಕೊಳ್ಳಲೆಂದು ಮೊಬೈಲಿನ ಮೂಲಕ ಒದಗುತ್ತಿರುವ ಕನ್ನಡ ಬರಹಗಳನ್ನು ನಾವು ಪ್ರಕೃತ ಈ ದೃಷ್ಟಿಯಿಂದ ನೋಡಬಯಸುತ್ತೇವೆ.

ಮೊದಲು ಹೆಸರಿನ ಮಾತು. ಈ ರೋಗಕ್ಕೆ ಕನ್ನಡದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ‘ಮೂಳೆ ಸವೆತ’ ಮತ್ತು ‘ಅಸ್ಥಿರಂಧ್ರತೆ’ ಎಂಬ ಎರಡು ಪದಗಳು. ಎರಡೂ ದಾರಿ ತಪ್ಪಿಸುವಂಥವು. ಮಂಡಿಯ ಮೃದ್ವಸ್ಥಿ ತೇಯ್ದು ಬರುವ ಸಂಧಿವಾತವನ್ನೂ ಜನ ‘ಮೂಳೆ ಸವೆತ’ವೆಂದೇ ಕರೆಯುತ್ತಾರೆ. ಆದುದರಿಂದ ಮಂಡಿನೋವಿನವಳು ಇದು ತನ್ನ ರೋಗವೆಂದು ಓದಿಕೊಳ್ಳುತ್ತಾಳೆ. ನೋವೇ ಇಲ್ಲದೆ ಒಳಗೊಳಗೆ ಎಲುಬು ಬಡವಾಗುತ್ತಿರುವವಳು ಇದು ತನಗಲ್ಲವೆಂದು ಮುಂದೆ ಹೋಗುತ್ತಾಳೆ. ‘ಅಸ್ಥಿರಂಧ್ರತೆ’ಯಾದರೋ ಶುದ್ಧ ಸಂಸ್ಕೃತ ಸಮಾಸ, ಆದರೆ ಅದನ್ನು ‘ಅಸ್ಥಿರ’ ಎಂದು ಒಡೆದು ಓದಿ ಮುಗ್ಗರಿಸಿದವರನ್ನು ನಾವು ಬಲ್ಲೆವು, ಮತ್ತು ಅವರಲ್ಲಿ ಕನ್ನಡದ ಅಧ್ಯಾಪಕರೂ ಇದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಮಂಡಲಿಯು 1994ರಲ್ಲಿ ಈ ರೋಗವನ್ನು ಅಳತೆಯ ಮೇಲೆ ನಿರೂಪಿಸಿತು: ಆರೋಗ್ಯವಂತ ಯುವತಿಯರ ಎಲುಬಿನ ಸಾಂದ್ರತೆಯ ಸರಾಸರಿಗಿಂತ 2.5 ಮಾನಕ ವಿಚಲನೆಯಷ್ಟು ಅಥವಾ ಅದಕ್ಕೂ ಹೆಚ್ಚು ಕೆಳಗಿರುವುದು. ವೈದ್ಯರಿಗೆ ಇದು ಸಾಕು. ಮನೆಯವರಿಗೆ ಹೇಳಬೇಕಾದರೆ ಒರಲೆ ತಿಂದ ಪಕ್ಕಾಸಿನ ಹೋಲಿಕೆಯೇ ಲೇಸೆಂದು ನಮ್ಮ ಅಭಿಪ್ರಾಯ. ಹೊರಗಿನಿಂದ ನೋಡಿದರೆ ಮರ ಇದ್ದಂತೆಯೇ ಇರುತ್ತದೆ; ಭಾರ ಬಿದ್ದ ದಿನ ಮುರಿಯುತ್ತದೆ. ಬೆನ್ನೆಲುಬಿನ ಮುರಿತಗಳಲ್ಲಿ ಬಹುಪಾಲು ಯಾರ ಗಮನಕ್ಕೂ ಬಾರದೆ ಹೋಗುವುದು ಹೀಗೆಯೆ. ಬೆನ್ನು ಬಾಗಿದಾಗ ‘ಪ್ರಾಯ ಆಯ್ತ್’ ಎಂಬ ಒಂದು ಮಾತಿನಲ್ಲಿ ಸಂಗತಿ ಮುಗಿದುಹೋಗುತ್ತದೆ.

ಕೈಪಿಡಿಯ ಉಪದೇಶಗಳನ್ನು ಒಂದು ನಿರ್ದಿಷ್ಟ ಊರನ್ನು ಮುಂದಿಟ್ಟುಕೊಂಡು ಓದಿದಲ್ಲದೆ ಅವುಗಳ ಬೆಲೆ ತಿಳಿಯದು. ನಾವು ಆರಿಸಿಕೊಂಡುದು ಕುಂದಾಪುರ ತಾಲ್ಲೂಕಿನ ಅಮಾಸೆಬೈಲು; ಸಹ್ಯಾದ್ರಿಯ ಪಶ್ಚಿಮದ ಬುಡದಲ್ಲಿ ಕಾಡು, ಅಡಿಕೆತೋಟ, ಗದ್ದೆಬಯಲುಗಳ ನಡುವೆ ಹರಡಿಕೊಂಡಿರುವ ಗ್ರಾಮ. ಬಿಡಿಬಿಡಿ ಮನೆಗಳು. ಜೂನಿನಿಂದ ಸೆಪ್ಟೆಂಬರಿನವರೆಗೆ ಜಡಿಮಳೆ. ಇಲ್ಲಿ ‘ನೆಲಗಂಬಳಿಯ ಅಂಚು ಮಡಚಿರದಂತೆ ನೋಡಿಕೊಳ್ಳಿ’, ‘ಸ್ನಾನದ ತೊಟ್ಟಿಗೆ ಹಿಡಿಕೆ ಹಾಕಿಸಿ’ ಎಂಬ ವಾಕ್ಯಗಳನ್ನು ಓದಿದರೆ ಅವು ಬೇರೊಂದು ದೇಶದ ಮನೆಗೆ ಬರೆದವೆಂಬುದು ಕೂಡಲೆ ಗೊತ್ತಾಗುತ್ತದೆ. ಈ ಊರಿನ ಅಜ್ಜಿ ಜಾರಿ ಬೀಳುವುದು ಕಂಬಳಿಯ ಮೇಲಲ್ಲ. ಹಾವಸೆ ಹಿಡಿದ ಅಂಗಳದಲ್ಲಿ, ಮನೆಗೂ ಹಟ್ಟಿಗೂ ನಡುವಣ ಇಳಿಜಾರಿನಲ್ಲಿ, ಬಾವಿಕಟ್ಟೆಯ ಬಳಿ, ತೋಡಿಗೆ ಹಾಕಿದ ಕಾಲುಸಂಕದ ಮೇಲೆ, ಹೊಸ ಮನೆಯಾದರೆ ಒದ್ದೆ ಕಾಲಿಗೆ ಸಿಕ್ಕಿದ ನುಣುಪು ಟೈಲ್ಸಿನ ಮೇಲೆ. ಮಳೆಗಾಲಕ್ಕೆ ಮುನ್ನ ಅಂಗಳಕ್ಕೆ ಅಡಿಕೆಯ ಸೋಗೆ ಹಾಸುವ ಪದ್ಧತಿ ಈ ಸೀಮೆಯಲ್ಲಿ ಹಿಂದಿನಿಂದಲೂ ಉಂಟು. ಎಲುಬು ಮುರಿಯದಂತೆ ತಡೆಯುವ ಇಷ್ಟು ಅಗ್ಗದ ಉಪಾಯ ನಾವು ಓದಿದ ಒಂದು ಬರಹದಲ್ಲಿಯೂ ಕಾಣಲಿಲ್ಲ. ಇನ್ನೊಂದು ಮಾತು: ಎ. ಜಿ. ಕೊಡ್ಗಿಯವರ ಮುಂದಾಳುತನದಲ್ಲಿ ಮನೆಮನೆಗೆ ಸೌರದೀಪ ಬಂದು ಹೆಸರಾದ ಊರಿದು. ರಾತ್ರಿ ಬಚ್ಚಲಿಗೆ ಹೋಗುವ ದಾರಿಗೆ ಬೆಳಕು ಬೀಳುತ್ತಿದೆಯೆ ಎಂದು ಕೇಳುವ ಕೈಪಿಡಿಗೆ ಇಲ್ಲಿ ಉತ್ತರ ಸಿದ್ಧವಾಗಿಯೇ ಇದೆ; ಕೇಳುವವರು ಬೇಕು.

ಆಹಾರದ ಅಧ್ಯಾಯವೂ ಇದೇ ದೋಷದಿಂದ ಕೂಡಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಮುಟ್ಟು ನಿಂತ ಸ್ತ್ರೀಯರಿಗೆ ದಿನಕ್ಕೆ 1,200 ಮಿಲಿಗ್ರಾಂ ಸುಣ್ಣದಂಶ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದ್ದರೆ ಅಕ್ಕಿಯಲ್ಲಿ ಹತ್ತರ ಆಸುಪಾಸು. ರಾಗಿಮುದ್ದೆಯ ಸೀಮೆಯಲ್ಲಿ ಕುಳಿತು ಬರೆದವರು ರಾಗಿಯನ್ನು ಹೊಗಳಿ ಮುಗಿಸುತ್ತಾರೆ. ಕುಚ್ಚಲಕ್ಕಿಯ ಗಂಜಿಯವರಿಗೆ ಹೇಳಬೇಕಾದುದು ಮುಳ್ಳುಸಹಿತ ತಿನ್ನುವ ಸಣ್ಣ ಮೀನು, ಹರಿವೆಸೊಪ್ಪು, ಎಳ್ಳು, ಮಜ್ಜಿಗೆಗಳ ಮಾತು. ಬಿಸಿಲಿನ ವಿಷಯದಲ್ಲಿಯಂತೂ ಶಾಸ್ತ್ರವೇ ತಪ್ಪಿದೆ: ‘ಬೆಳಗಿನ ಎಳೆಬಿಸಿಲು’ ಎಂಬ ಸುಂದರವಾದ ನುಡಿಗಟ್ಟಿನ ಮೋಹಕ್ಕೆ ಸಿಕ್ಕಿದ ಲೇಖಕರು, ಚರ್ಮದಲ್ಲಿ ಡಿ ಜೀವಸತ್ವವನ್ನು ಹುಟ್ಟಿಸುವ ಕಿರಣಗಳು ಹೊತ್ತೇರಿದ ಮೇಲೆಯೇ ಬಲವಾಗುತ್ತವೆಂಬುದನ್ನು ಮರೆತಿದ್ದಾರೆ. ಆಷಾಢದಲ್ಲಿ ಯಾವ ಬಿಸಿಲೆಂದು ಕೇಳಿದರೆ ಕೈಪಿಡಿ ಮೌನ.

ಭಾಷೆಯ ಲೋಪ ನೇರವಾಗಿ ದೇಹಕ್ಕೆ ತಾಗುವ ಒಂದು ಎಡೆಯನ್ನು ತೋರಿಸಬೇಕು. ಈ ರೋಗಕ್ಕೆ ಕೊಡುವ ಆಲೆಂಡ್ರೊನೇಟ್ ಗುಳಿಗೆಯನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ, ಎದ್ದೊಡನೆ ಬರಿಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರಿ ನೀರಿನೊಡನೆ ನುಂಗಬೇಕು. ಕಡೆಯ ಪಕ್ಷ ಅರ್ಧಗಂಟೆ ಏನನ್ನೂ ತಿನ್ನದೆ, ಮಲಗದೆ, ಕುಳಿತು ಅಥವಾ ನಿಂತಿರಬೇಕು. ಮಲಗಿದರೆ ಗುಳಿಗೆ ಅನ್ನನಾಳದಲ್ಲಿ ತಂಗಿ ಹುಣ್ಣಾದೀತು. ‘ಸೇವನೆಯ ನಂತರ ನೇರ ಭಂಗಿಯನ್ನು ಕಾಯ್ದುಕೊಳ್ಳತಕ್ಕದ್ದು’ ಎಂಬಂಥ ವಾಕ್ಯದಿಂದ ಇದರಲ್ಲಿ ಯಾವುದೂ ತಿಳಿಯದು. ಬೆಳಗಿನ ಚಹಾ ಲೆಕ್ಕಕ್ಕುಂಟೋ ಇಲ್ಲವೋ ಎಂಬುದೇ ಕೇಳುವವಳ ಮೊದಲ ಪ್ರಶ್ನೆ. ಚಹಾ ಕೂಡದು, ಕಾಯಬೇಕು ಎಂದು ಹೇಳದ ಕೈಪಿಡಿ ಏನನ್ನೂ ಹೇಳಿದಂತಾಗಲಿಲ್ಲ.

ಇನ್ನು ‘ಸ್ವನಿರ್ವಹಣೆ’ ಎಂಬ ಪದ. ನಮ್ಮ ಮುಖ್ಯ ಆಕ್ಷೇಪ ಇದರ ಮೇಲೆಯೇ. ಒಬ್ಬಳೇ ಕುಳಿತು, ಓದಿ, ತೀರ್ಮಾನಿಸಿ ನಡೆಯುವ ವ್ಯಕ್ತಿಯೊಬ್ಬಳನ್ನು ಈ ಪದ ಕಲ್ಪಿಸಿಕೊಳ್ಳುತ್ತದೆ. ಆದರೆ ಅದರ ಮೂಲದಲ್ಲಿ ಇಂಥ ಒಂಟಿತನವಿರಲಿಲ್ಲ. ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಕೇಟ್ ಲೋರಿಗ್ ಮತ್ತು ಸಂಗಡಿಗರು 1970ರ ದಶಕದ ಕೊನೆಯಿಂದ ಸಂಧಿವಾತದವರಿಗಾಗಿ ಬೆಳೆಸಿದ ಪಾಠಕ್ರಮವು ವಾರಕ್ಕೊಮ್ಮೆ, ಆರು ವಾರ ಕೂಡುವ ಗುಂಪಿನದು. ನಡೆಸುವವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ, ಅನೇಕ ವೇಳೆ ಅದೇ ರೋಗವುಳ್ಳವರು. ಅದು ಮೊಬೈಲಿನ ಪರದೆಗೆ ಇಳಿಯುವಾಗ ಗುಂಪು ಕಳಚಿ ‘ಸ್ವ’ ಮಾತ್ರ ಉಳಿಯಿತು. ನಮ್ಮ ಕರಾವಳಿಯಲ್ಲಾದರೋ ಆ ‘ಸ್ವ’ಕ್ಕೆ ಜನ ಈಗಾಗಲೇ ಬೇರೊಂದು ಅರ್ಥ ಕೊಟ್ಟಿದ್ದಾರೆ: ‘ಸ್ವಸಹಾಯ ಸಂಘ’ ಇಲ್ಲಿನ ಹೆಂಗಸರ ಮನೆಮಾತು. ವಾರವಾರವೂ ಕೂಡುವ ಸಂಘ ಕಣ್ಣೆದುರಿಗಿರುವಾಗ ಕೈಪಿಡಿಗಾರರು ಒಂಟಿ ವಾಚಕಿಯನ್ನು ಹುಡುಕಿಕೊಂಡು ಹೋಗುವುದೇಕೆ?

ಹುಡುಕಿದರೂ ಅವಳು ಸಿಗುವುದು ಕಷ್ಟ. ಬಹಳ ಮನೆಗಳಲ್ಲಿ ಮೊಬೈಲು ಇರುವುದು ಮೊಮ್ಮಗನ ಕೈಯಲ್ಲಿ. ಮುಟ್ಟು ನಿಂತ ಮೇಲೆ ಎಲುಬು ಬೇಗಬೇಗನೆ ಬಡವಾಗುವುದೇಕೆಂಬ ಭಾಗವನ್ನು ಅವನು ಅಜ್ಜಿಗೆ ಓದಿಹೇಳುವನೆ? ಅವಳು ಕೇಳುವಳೆ? ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರು ತಮ್ಮ ಪುಸ್ತಕಕ್ಕೆ ‘ಕೇಳು ಕಿಶೋರಿ’ ಎಂದು ಹೆಸರಿಟ್ಟಾಗ ಎರಡು ಸಂಗತಿಗಳನ್ನು ಒಟ್ಟಿಗೆ ಗೆದ್ದಿದ್ದರು: ಮಾತು ಹೆಂಗಸು ಹೆಂಗಸಿಗೆ ಆಡಿದ್ದು, ಮತ್ತು ಅದು ಕೇಳುವುದಕ್ಕಾಗಿ ಇರುವುದು. ಎಲುಬಿನ ಕೈಪಿಡಿಗೆ ಬೇಕಾದುದು ಇಂಥ ದನಿ. ಹೆಂಗಸೊಬ್ಬಳು ಓದಿ ಮುದ್ರಿಸಿದ, ಸಂಘದಲ್ಲಿ ಎಲ್ಲರೂ ಕೂತು ಕೇಳಬಹುದಾದ ಧ್ವನಿಯ ಕೈಪಿಡಿ.

ಗುಂಪಿನಲ್ಲಿ ತಪ್ಪು ತಿಳುವಳಿಕೆಯೂ ಬೇಗ ಹಬ್ಬುತ್ತದೆ, ಎಣ್ಣೆ ತಿಕ್ಕಿದರೆ ಎಲುಬು ಗಟ್ಟಿಯಾದೀತೆಂಬ ಮಾತಿಗೆ ಅಲ್ಲಿ ಬೇಗ ಒಪ್ಪಿಗೆ ಸಿಗುತ್ತದೆ ಎಂಬ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಆ ಕಾರಣಕ್ಕಾಗಿಯೇ ಆಶಾ ಕಾರ್ಯಕರ್ತೆಯಾಗಲಿ ದಾದಿಯಾಗಲಿ ಜೊತೆಗಿರಬೇಕು. ಕೈಪಿಡಿಯ ಕರಡನ್ನು ಮುಗಿಸುವ ಮುನ್ನ ಸಂಘದ ಒಂದು ಕೂಟದಲ್ಲಿ ಓದಿ, ಕೇಳುಗರು ಎಲ್ಲಿ ನಕ್ಕರು, ಎಲ್ಲಿ ಹೂಂಗುಟ್ಟುವುದನ್ನು ನಿಲ್ಲಿಸಿದರು ಎಂಬುದನ್ನು ಗುರುತುಮಾಡಿಕೊಂಡು ಬರಬೇಕು. ಕನ್ನಡ ವಿಭಾಗದ ವಿದ್ಯಾರ್ಥಿಗಳು ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು. ಮಳೆಗಾಲದಲ್ಲಿ ಹೋದರೆ ಅಂಗಳವನ್ನೂ ನೋಡಿ ಬರಬಹುದು.